ಋಣವಿಮೋಚಕ ರೈಫೈಸನ್ ಮಹಾಶಯನ ಚರಿತ್ರೆ

ಪೀಠಿಕೆ

ಅನ್ನದಾನವು ಹಸಿವನ್ನೂ ವಿದ್ಯಾದಾನವು ಅಜ್ಞಾನವನ್ನೂ ಕಳೆಯುವುವೆಂಬುದು ಸರ್ವರಿಗೂ ವಿದಿತವಾದ ವಿಷಯವು. ಶ್ರೀಮಠದ ದಾಸೋಹವನ್ನೂ ಪಾಠಶಾಲೆಯನ್ನೂ ಕಣ್ಣಾರೆ ಕಂಡ ಭಕ್ತಜನರಿಗೆ ಅದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಆದರೆ ಇವೆರಡರಿಂದಲೂ ತೀರದ ಮೂರನೆಯ ಸಂಕಟವೊಂದುಂಟು, ಅದು ಋಣಬಾಧೆ. ಹಸಿದು ಬಂದವನು ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿದರೆ ಅಂದಿನ ಹಸಿವು ತೀರುವುದು. ಸಾಲಗಾರನಾದರೋ ಉಂಡೆದ್ದ ಮೇಲೂ ಸಾಲಗಾರನೇ. ಅವನು ಮಲಗಿದಾಗಲೂ ಬಡ್ಡಿಯು ಮಲಗುವುದಿಲ್ಲ. ಬೀಜಕ್ಕಾಗಿ ತಂದ ಅಲ್ಪ ಸಾಲವು ಎತ್ತನ್ನು ನುಂಗಿ, ಎತ್ತು ಹೋದ ಮೇಲೆ ಹೊಲವನ್ನು ನುಂಗಿ, ಕಡೆಗೆ ಹೆಂಡಿರು ಮಕ್ಕಳು ತಂಗಿದ್ದ ಮನೆಯನ್ನೂ ನುಂಗಿದ ಕಥೆಗಳು ಯಾವ ಊರಿನಲ್ಲಿ ಇಲ್ಲ?

ಈ ಸಂಕಟಕ್ಕೆ ದಾನವು ಮದ್ದಲ್ಲವೆಂಬುದನ್ನೂ, ಬಡವನ ಮನೆಯನ್ನು ಉಳಿಸುವ ಸಾಲವೇ ಬೇರೆ, ಕಸಿದುಕೊಳ್ಳುವ ಸಾಲವೇ ಬೇರೆಯೆಂಬುದನ್ನೂ ತನ್ನ ಬದುಕನ್ನೇ ಸವೆಯಿಸಿ ತೋರಿಸಿಕೊಟ್ಟವನು ಜರ್ಮನಿ ದೇಶದ ಫ್ರೀಡ್ರಿಖ್ ವಿಲ್ಹೆಲ್ಮ್ ರೈಫೈಸನ್ ಎಂಬ ಮಹಾಶಯನು. ಈತನು ನಮ್ಮ ನಾಡಿನವನಲ್ಲ, ನಮ್ಮ ಮತದವನೂ ಅಲ್ಲ. ಆದರೂ ನಮ್ಮ ಹಳ್ಳಿಗಳ ಪತ್ತಿನ ಸಹಕಾರ ಸಂಘಗಳಿಗೆ ಬೀಜವು ಬಂದುದು ಈತನ ಕಣಜದಿಂದಲೇ. ಗುಣವು ಎಲ್ಲಿದ್ದರೂ ಗ್ರಾಹ್ಯವೆಂಬ ನ್ಯಾಯದಿಂದ ಈತನ ಚರಿತ್ರೆಯನ್ನು ಈ ಮಹೋತ್ಸವದ ಸಂಪುಟದಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವುದು.

ಜನನ ಮತ್ತು ಬಾಲ್ಯ

ರೈನ್ ನದಿಯ ಪೂರ್ವಕ್ಕೆ ವೆಸ್ಟರ್‌ವಾಲ್ಡ್ ಎಂಬ ಗುಡ್ಡಗಾಡಿನ ಸೀಮೆಯುಂಟು. ಅಲ್ಲಿ ಚಳಿ ಹೆಚ್ಚು, ಬೆಳೆ ಕಡಿಮೆ. ಆ ಸೀಮೆಯಲ್ಲಿ ಜೀಗ್ ಎಂಬ ಹೊಳೆಯ ದಂಡೆಯ ಮೇಲಿರುವ ಹಾಮ್ ಎಂಬ ಊರಿನಲ್ಲಿ 1818ನೆಯ ಇಸವಿ ಮಾರ್ಚ್ 30ರಂದು ರೈಫೈಸನ್ನನು ಜನಿಸಿದನು. ಒಂಬತ್ತು ಮಂದಿ ಮಕ್ಕಳಲ್ಲಿ ಈತನು ಏಳನೆಯವನು. ತಂದೆಯು ಒಕ್ಕಲುತನದವನಾಗಿದ್ದು ಕೆಲವು ಕಾಲ ಊರಿನ ಆಡಳಿತವನ್ನೂ ವಹಿಸಿದ್ದನು. ಆದರೆ ಆತನ ಕೈ ಸೋತು, ಸಂಸಾರದ ಭಾರವೆಲ್ಲವೂ ತಾಯಿಯ ಹೆಗಲಿಗೆ ಬಿದ್ದಿತು. ಆ ತಾಯಿಯು ದೈವಭಕ್ತಳು, ಧೈರ್ಯವಂತಳು. ಬಡತನದ ಒಳಗನ್ನು ರೈಫೈಸನ್ನನು ಗ್ರಂಥಗಳಿಂದ ತಿಳಿದವನಲ್ಲ. ತಾಯಿಯ ಅಡಿಗೆಮನೆಯಿಂದ ತಿಳಿದವನು.

ಊರಿನ ಶಾಲೆಯ ಓದು ಮುಗಿದ ಮೇಲೆ ದೊಡ್ಡ ವಿದ್ಯಾಶಾಲೆಗೆ ಕಳುಹಿಸಲು ಹಣವಿರಲಿಲ್ಲ. ಆಗ ಊರಿನ ಧರ್ಮಗುರುವಾದ ಜೈಪೆಲ್ ಎಂಬವನು ಬಾಲಕನನ್ನು ತನ್ನಲ್ಲಿಗೆ ಕರೆಯಿಸಿಕೊಂಡು ಕೆಲವು ವರ್ಷ ಪಾಠವನ್ನು ಹೇಳಿದನು. ಗುರುಮಠದಲ್ಲಿ ಓದಿ ಬೆಳೆದವರಿಗೆ ಇದರ ಬೆಲೆಯು ಗೊತ್ತು. ಅನ್ಯರ ದುಃಖದಲ್ಲಿ ದೇವರ ಕರೆಯನ್ನು ಕೇಳುವ ಸಂಸ್ಕಾರವು ಬಾಲಕನಲ್ಲಿ ಬೇರೂರಿದುದು ಆ ಗುರುವಿನ ಸನ್ನಿಧಿಯಲ್ಲಿಯೇ.

1835ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಈತನು ಕೊಲೋನ್ ನಗರದ ಫಿರಂಗಿಯ ಪಡೆಯನ್ನು ಸೇರಿದನು. ಬುದ್ಧಿವಂತನೆಂದೂ ನಿಯಮನಿಷ್ಠನೆಂದೂ ಮೇಲಧಿಕಾರಿಗಳಿಂದ ಮೆಚ್ಚುಗೆಯನ್ನು ಪಡೆದನು. ಆದರೆ ಕಣ್ಣಿನ ಬೇನೆಯು ಅಂಟಿಕೊಂಡುದರಿಂದ 1843ರಲ್ಲಿ ಸೈನ್ಯವನ್ನು ಬಿಡಬೇಕಾಯಿತು. ಆ ಬೇನೆಯು ಕಡೆಯವರೆಗೂ ಈತನನ್ನು ಬಿಡಲಿಲ್ಲ. ಆದರೂ ಸೈನ್ಯದ ದಾರಿಯು ಮುಚ್ಚಿದುದೇ ಲೋಕದ ಪುಣ್ಯವಾಯಿತೆನ್ನಬೇಕು.

ಬರಗಾಲದ ರೊಟ್ಟಿ

ತರುವಾಯ ಈತನು ಸರಕಾರದ ಆಡಳಿತ ಶಾಖೆಯನ್ನು ಸೇರಿ, 1845ರಲ್ಲಿ ವೈಯರ್‌ಬುಷ್ ಎಂಬಲ್ಲಿ ಕೆಲವು ಸಣ್ಣ ಗ್ರಾಮಗಳ ಮುಖ್ಯಾಧಿಕಾರಿಯಾಗಿ ನಿಯಮಿತನಾದನು. ಅದೇ ವರ್ಷ ಔಷಧದ ವ್ಯಾಪಾರಿಯೊಬ್ಬನ ಮಗಳಾದ ಎಮಿಲಿಯನ್ನು ವಿವಾಹವಾದನು. ಅಧಿಕಾರಕ್ಕೆ ಬಂದು ಒಂದು ವರ್ಷ ಕಳೆಯುವಷ್ಟರಲ್ಲಿ ಘೋರವಾದ ಕ್ಷಾಮವು ಬಂದಿತು. ಬಟಾಟೆಯ ಬೆಳೆಗೆ ರೋಗವು ತಗಲಿ, ಧಾನ್ಯದ ಬೆಳೆಯೂ ಕೈಕೊಟ್ಟು, 1846–47ರ ಚಳಿಗಾಲದಲ್ಲಿ ಬಡವರು ಕಂಗಾಲಾದರು.

ಸರಕಾರವು ಹಿಟ್ಟನ್ನು ಕಳುಹಿಸಿತು. ಆದರೆ ರೊಕ್ಕ ಕೊಟ್ಟವರಿಗೆ ಮಾತ್ರ ಅದನ್ನು ಮಾರಬೇಕೆಂಬ ಆಜ್ಞೆಯೂ ಜತೆಗಿತ್ತು. ಹಸಿದವನ ಕೈಯಲ್ಲಿ ರೊಕ್ಕವೆಲ್ಲಿಯದು? ರೊಕ್ಕವಿದ್ದವನು ಹಸಿಯುವುದೇಕೆ? ಎಳೆಯ ಅಧಿಕಾರಿಯು ಆಜ್ಞೆಯ ಅಕ್ಷರವನ್ನು ಮೀರಿ ಹಿಟ್ಟನ್ನು ಕಡವಾಗಿ ಹಂಚಲು ನಿಶ್ಚಯಿಸಿದನು. ಊರಿನ ಅನುಕೂಲಸ್ಥರನ್ನು ಕೂಡಿಸಿ ಒಂದು ರೊಟ್ಟಿಯ ಸಂಘವನ್ನು ಸ್ಥಾಪಿಸಿದನು. ಅವರು ಹಣವನ್ನು ಹಾಕಿದರು. ಊರಿನವರೆಲ್ಲ ಕೂಡಿ ಒಲೆಯನ್ನು ಕಟ್ಟಿದರು. ಪೇಟೆಯ ಬೆಲೆಗಿಂತ ಬಹು ಕಡಿಮೆಗೆ ರೊಟ್ಟಿಯು ದೊರೆಯಿತು. ಕೈಯಲ್ಲಿ ಹಣವಿಲ್ಲದವರು ಮುಂದಿನ ಸುಗ್ಗಿಯಲ್ಲಿ ಕೊಡುವೆವೆಂದು ಬರೆದುಕೊಟ್ಟು ರೊಟ್ಟಿಯನ್ನು ಒಯ್ದರು. ಸುಗ್ಗಿಯು ಬಂದಿತು, ಜನರು ಕೊಟ್ಟ ಮಾತನ್ನು ಉಳಿಸಿಕೊಂಡರು. ಬಡವನು ನಂಬಿಕೆಗೆ ಅರ್ಹನಲ್ಲವೆಂಬ ಶ್ರೀಮಂತರ ಮಾತು ಸುಳ್ಳಾಯಿತು. ರೈಫೈಸನ್ನನು ತನ್ನ ಮುಂದಿನ ಕಾರ್ಯವನ್ನೆಲ್ಲ ಕಟ್ಟಿದುದು ಈ ಒಂದು ಅನುಭವದ ಅಡಿಗಲ್ಲಿನ ಮೇಲೆಯೇ.

ಇದರ ಜತೆಯಲ್ಲಿಯೇ ಶಾಲೆಯನ್ನು ಕಟ್ಟಿಸಿ, ಗುಡ್ಡಗಾಡಿನ ಹಳ್ಳಿಗಳಿಂದ ರೈನ್ ನದಿಯ ಕಡೆಗೆ ರಸ್ತೆಯನ್ನು ಮಾಡಿಸುವ ಕಾರ್ಯಕ್ಕೂ ಕೈಯಿಕ್ಕಿದನು. ದಾರಿಯಿಲ್ಲದ ಊರಿನ ಬೆಳೆಗೆ ಬೆಲೆಯಿಲ್ಲವೆಂಬುದನ್ನು ಆತನು ಚೆನ್ನಾಗಿ ಅರಿತಿದ್ದನು.

ಲೇವಾದೇವಿಯ ಬಲೆ

1848ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬ ಸ್ಥಳಕ್ಕೆ ವರ್ಗವಾಯಿತು. ಅಲ್ಲಿ ಆತನ ಕಣ್ಣಿಗೆ ಬಿದ್ದುದು ಬರಗಾಲಕ್ಕಿಂತ ಘೋರವಾದ ವ್ಯಾಧಿ. ರೈತನಿಗೆ ಹಸುವು ಬೇಕು, ಹಣವಿಲ್ಲ. ಲೇವಾದೇವಿಗಾರನು ಹಸುವನ್ನು ಕಡವಾಗಿ ಕೊಡುವನು. ವಾಯಿದೆಗೆ ಹಣವು ಬಾರದಿದ್ದರೆ ಹಸುವನ್ನೂ ಕರುವನ್ನೂ ಹೊಡೆದುಕೊಂಡು ಹೋಗುವನು. ಬಡ್ಡಿಯ ಮೇಲೆ ಬಡ್ಡಿಯು ಬೆಳೆದು ಪತ್ರವು ಹೊಲದ ಮೇಲೆ ಬರುವುದು, ಹೊಲದಿಂದ ಮನೆಯ ಮೇಲೆ ಬರುವುದು. ಅಂಥವನಿಗೆ ಒತ್ತೆಯ ವಸ್ತುವು ಸಾಲದ ಭದ್ರತೆಯಲ್ಲ. ಅವನು ಬೇಟೆಯಾಡುವ ಮೃಗವೇ ಅದು. ಸಾಲವು ತೀರದಿರಲೆಂಬುದೇ ಅವನ ಹರಕೆ.

1849ನೆಯ ಇಸವಿ ಡಿಸೆಂಬರ್ 1ರಂದು ಬಡ ರೈತರ ಸಹಾಯಕ್ಕಾಗಿ ರೈಫೈಸನ್ನನು ಒಂದು ಸಂಘವನ್ನು ಸ್ಥಾಪಿಸಿದನು. ಅರವತ್ತು ಮಂದಿ ಅನುಕೂಲಸ್ಥರು ತಮ್ಮ ಸರ್ವಸ್ವವನ್ನೂ ಹೊಣೆಯಾಗಿಟ್ಟು ಸಹಿ ಹಾಕಿದರು. ಆ ಹೊಣೆಯ ಬಲದಿಂದ ಸಂಘಕ್ಕೆ ಹೊರಗಿನ ಹಣವು ಸುಲಭವಾದ ಬಡ್ಡಿಗೆ ದೊರೆಯಿತು. ಸಂಘವು ತಾನೇ ದನಗಳನ್ನು ಕೊಂಡು ರೈತರಿಗೆ ಒಪ್ಪಿಸಿ, ಐದು ವರ್ಷಗಳ ಕಂತುಗಳಲ್ಲಿ ಹಣವನ್ನು ಹಿಂದಕ್ಕೆ ಪಡೆಯತೊಡಗಿತು. ಹಾಲಿನಿಂದಲೂ ಗೊಬ್ಬರದಿಂದಲೂ ಬಂದ ಆದಾಯದಲ್ಲಿಯೇ ಕಂತು ತೀರುತ್ತ ಬಂದಿತು. ಸಾಲದ ಕಾಲವು ಸಾಲಿಗನ ಇಚ್ಛೆಗಲ್ಲ, ಭೂಮಿಯ ಫಲಕಾಲಕ್ಕೆ ಹೊಂದಿಕೊಳ್ಳಬೇಕೆಂಬ ತತ್ತ್ವವು ಇಲ್ಲಿಂದ ಹೊರಟಿತು.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಬಡ್ಡಿಯ ಕ್ರೌರ್ಯವನ್ನೆಲ್ಲ ಯೆಹೂದ್ಯ ಜನಾಂಗದ ಮೇಲೆ ಹೊರಿಸುವ ದುರಭ್ಯಾಸವು ಆ ಕಾಲದಲ್ಲಿ ಆ ದೇಶದಲ್ಲಿ ಹರಡಿತ್ತು. ರೈಫೈಸನ್ನನ ಮಾತುಗಳೂ ಆ ಕಲ್ಮಷದಿಂದ ಮುಕ್ತವಾಗಿರಲಿಲ್ಲ. ಲೋಭಕ್ಕೆ ಜಾತಿಯಿಲ್ಲ. ಮಹನೀಯರ ಗುಣವನ್ನು ಕೊಂಡಾಡುವಾಗ ದೋಷವನ್ನು ದೋಷವೆಂದೇ ಹೇಳುವುದು ಚರಿತ್ರಕಾರನ ಧರ್ಮವು.

ದಾನದಿಂದ ಸಹಕಾರಕ್ಕೆ

1852ರಲ್ಲಿ ರೈನ್ ನದಿಯ ತೀರದ ನಾಯ್‌ವೀಡ್ ನಗರಕ್ಕೆ ಹೊಂದಿಕೊಂಡ ಹೆಡ್ಡೆಸ್‌ಡೋರ್ಫ್ ಎಂಬಲ್ಲಿಗೆ ಬಂದು, 1854ರಲ್ಲಿ ಅಲ್ಲಿ ಒಂದು ಧರ್ಮಸಂಘವನ್ನು ಸ್ಥಾಪಿಸಿದನು. ದಿಕ್ಕಿಲ್ಲದ ಮಕ್ಕಳ ಪೋಷಣೆ, ಸೆರೆಯಿಂದ ಬಿಡುಗಡೆಯಾದವರಿಗೆ ಉದ್ಯೋಗ, ಜನರಿಗೆ ಪುಸ್ತಕ ಭಂಡಾರ, ರೈತರಿಗೆ ಸಾಲ ಇವೆಲ್ಲವೂ ಅದರ ಉದ್ದೇಶಗಳು. ಕೆಲವು ವರ್ಷ ಕೆಲಸವು ಚೆನ್ನಾಗಿ ನಡೆಯಿತು. ಬರಬರುತ್ತ ಶ್ರೀಮಂತರ ಉತ್ಸಾಹವು ತಗ್ಗಿತು. ತಮಗೆ ಸಾಲವು ಬೇಡ, ಅನ್ಯರ ಸಾಲಕ್ಕೆ ತಮ್ಮ ಆಸ್ತಿಯ ಹೊಣೆಯೇಕೆಂದು ಒಬ್ಬೊಬ್ಬರಾಗಿ ಹಿಂದೆ ಸರಿದರು.

ರೈಫೈಸನ್ನನಿಗೆ ಇದು ಬಹು ನೋವಿನ ಪಾಠವಾಯಿತು. ಉಳ್ಳವರ ಕರುಣೆಯ ಮೇಲೆ ನಿಂತ ಸಂಸ್ಥೆಯು ಕರುಣೆಯು ಬತ್ತಿದೊಡನೆ ಬೀಳುವುದು. ಸಾಲವು ಯಾರಿಗೆ ಬೇಕೋ ಅವರೇ ಸಂಘದ ಸದಸ್ಯರಾಗಿ, ಅವರೇ ಹೊಣೆಯನ್ನು ಹೊತ್ತು, ಅವರೇ ಆಡಳಿತವನ್ನು ನಡೆಸಿದರೆ ಮಾತ್ರ ಅದು ನಿಲ್ಲುವುದೆಂಬ ಅರಿವು ಆತನಲ್ಲಿ ಮೂಡಿತು. ಅದರಂತೆ 1862ರಲ್ಲಿ ಆನ್‌ಹೌಸನ್ ಎಂಬ ಹಳ್ಳಿಯಲ್ಲಿಯೂ 1864ರಲ್ಲಿ ಹೆಡ್ಡೆಸ್‌ಡೋರ್ಫಿನಲ್ಲಿಯೂ ಸಾಲನಿಧಿಯ ಸಂಘಗಳು ಈ ಹೊಸ ರೀತಿಯಲ್ಲಿ ಹುಟ್ಟಿದುವು. ಅಲ್ಲಿಗೆ ದಾನಿಯೂ ದೀನನೂ ಎಂಬ ಭೇದವು ಅಳಿಯಿತು. ಇಂದು ಠೇವಣಿಯನ್ನಿಟ್ಟವನೇ ನಾಳೆ ಸಾಲವನ್ನು ಪಡೆಯುವನು. ಇಂದಿನ ಸಾಲಗಾರನೇ ನಾಳೆ ನೆರೆಯವನಿಗೆ ಜಾಮೀನಾಗುವನು. ಕೊಡುವವನಲ್ಲಿ ಅಹಂಕಾರವೂ ಕೊಳ್ಳುವವನಲ್ಲಿ ದೈನ್ಯವೂ ಇಲ್ಲದಿರಬೇಕೆಂಬ ದಾಸೋಹಭಾವವನ್ನು ಬಲ್ಲ ನಮಗೆ ಇದರ ಸೊಗಸು ಬೇಗ ತಿಳಿಯುವುದು.

ಸಾಲವನ್ನು ಕೊಡುವ ಕಟ್ಟಳೆಗಳು

ಆತನ ಸಂಘದ ಕಟ್ಟಳೆಗಳನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಉಚಿತವು. ಏಕೆಂದರೆ ಆತನ ತಪಸ್ಸಿನ ಸಾರವೆಲ್ಲವೂ ಅವುಗಳಲ್ಲಿಯೇ ಅಡಗಿರುವುದು.

ಮೊದಲನೆಯದಾಗಿ, ಸಂಘದ ಸೀಮೆಯು ಚಿಕ್ಕದಾಗಿರಬೇಕು. ಒಂದು ಹಳ್ಳಿ ಅಥವಾ ನೆರೆಯ ಕೆಲವೇ ಹಳ್ಳಿಗಳು. ಯಾರು ದುಡಿಯುವರು, ಯಾರು ಕುಡಿಯುವರು, ಯಾರ ಮಾತಿಗೆ ಬೆಲೆಯುಂಟು ಎಂಬುದು ಸದಸ್ಯರಿಗೆ ಪತ್ರಗಳಿಲ್ಲದೆಯೇ ಗೊತ್ತಿರಬೇಕು. ಎರಡನೆಯದಾಗಿ, ಸದಸ್ಯರೆಲ್ಲರೂ ಸಂಘದ ಋಣಕ್ಕೆ ಮಿತಿಯಿಲ್ಲದ ಹೊಣೆಗಾರರು. ಒಬ್ಬನು ತಪ್ಪಿದರೆ ಎಲ್ಲರ ಮನೆಗೂ ಬಾಧೆಯು ಬರುವುದರಿಂದ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಎಚ್ಚರವು ತಾನಾಗಿ ಹುಟ್ಟುವುದು. ಮೂರನೆಯದಾಗಿ, ಲಾಭವನ್ನು ಹಂಚಿಕೊಳ್ಳಕೂಡದು. ಉಳಿದುದೆಲ್ಲವೂ ಯಾರೂ ಪಾಲು ಕೇಳಲಾಗದ ನಿಧಿಗೆ ಸೇರಬೇಕು. ನಾಲ್ಕನೆಯದಾಗಿ, ಆಡಳಿತ ಮಂಡಲಿಯವರು ಸಂಬಳವನ್ನು ಪಡೆಯಕೂಡದು. ಲೆಕ್ಕವನ್ನಿಡುವವನಿಗೆ ಮಾತ್ರ ಅವನ ಶ್ರಮಕ್ಕೆ ತಕ್ಕ ಪ್ರತಿಫಲವುಂಟು. ಆದರೆ ಯಾರಿಗೆ ಸಾಲವನ್ನು ಕೊಡಬೇಕೆಂಬ ನಿರ್ಣಯದಲ್ಲಿ ಅವನಿಗೆ ಅಧಿಕಾರವಿಲ್ಲ. ಹಣದ ಪೆಟ್ಟಿಗೆಯ ಕೀಲಿಯೂ ನಿರ್ಣಯದ ಲೇಖನಿಯೂ ಒಂದೇ ಕೈಯಲ್ಲಿರಕೂಡದೆಂಬುದು ಇದರ ಮರ್ಮವು.

ಸಾಲವನ್ನು ಬೇಡಿ ಬಂದವನನ್ನು ಮೊದಲು ಕೇಳುವ ಪ್ರಶ್ನೆಯು ನಿನ್ನ ಮನೆಯ ಬೆಲೆಯೆಷ್ಟೆಂಬುದಲ್ಲ. ಹಣವು ಯಾವ ಕಾರ್ಯಕ್ಕೆ, ಆ ಕಾರ್ಯದಿಂದ ಸಾಲವು ತೀರುವ ಬಗೆ ಹೇಗೆ ಎಂಬುದು. ದನ, ಬೀಜ, ಗೊಬ್ಬರ, ಹಳೆಯ ಬಡ್ಡಿಸಾಲದ ವಿಮೋಚನೆ ಇಂಥವುಗಳಿಗೆ ಸಾಲವುಂಟು; ಆಡಂಬರಕ್ಕೆ ಇಲ್ಲ. ಭದ್ರತೆಗೆ ನೆರೆಯವರ ಜಾಮೀನನ್ನೇ ಹೆಚ್ಚಾಗಿ ಪಡೆಯುವರು. ಸ್ಥಿರಾಸ್ತಿಯ ಒತ್ತೆಯೂ ಉಂಟಾದರೂ ಅದು ಮನುಷ್ಯನ ಯೋಗ್ಯತೆಗೆ ಬದಲಾಗಿ ನಿಲ್ಲುವುದಿಲ್ಲ. ಹಣವನ್ನು ಹೇಳಿದ ಕಾರ್ಯಕ್ಕೇ ಬಳಸಿದನೋ ಇಲ್ಲವೋ ಎಂದು ಮಂಡಲಿಯು ನೋಡುವುದು. ಜಾಮೀನುದಾರರ ಸ್ಥಿತಿಯನ್ನೂ ಕಾಲಕಾಲಕ್ಕೆ ಪರಾಂಬರಿಸುವುದು. ಹೀಗೆ ಸಾಲಗಾರನನ್ನು ಕೈಹಿಡಿದು ನಡೆಯಿಸಿ ದಡವನ್ನು ಮುಟ್ಟಿಸುವುದೇ ಸಾಲವನ್ನು ಕೊಡುವವನ ಕಾಯಕವಾಯಿತು.

ಕತ್ತಲೆಯಲ್ಲಿ ಬೆಳಕು

ಕಾರ್ಯವು ಕೈಗೂಡುತ್ತಿದ್ದಂತೆಯೇ ಕಷ್ಟಗಳು ಮುತ್ತಿದುವು. 1863ರಲ್ಲಿ ಸಹಧರ್ಮಿಣಿಯಾದ ಎಮಿಲಿಯು ತೀರಿಕೊಂಡಳು. ಹಲವು ಮಕ್ಕಳನ್ನು ಎಳೆತನದಲ್ಲಿಯೇ ಕಳೆದುಕೊಂಡ ಮನೆಯಲ್ಲಿ ತಾಯಿಯೂ ಇಲ್ಲವಾದಳು. ಕಣ್ಣಿನ ಬೇನೆಯು ಉಲ್ಬಣಿಸಿ ದೃಷ್ಟಿಯು ಬಹುತೇಕ ಮಂಜಾಯಿತು. 1865ರಲ್ಲಿ, ಐವತ್ತು ತುಂಬುವ ಮೊದಲೇ, ಅಧಿಕಾರವನ್ನು ಬಿಡಬೇಕಾಯಿತು. ದೊರೆತ ವಿಶ್ರಾಂತಿವೇತನವು ಸಂಸಾರಕ್ಕೆ ಸಾಲದು. ಹೊಟ್ಟೆಪಾಡಿಗಾಗಿ ಮೊದಲು ಚುಟ್ಟದ ಕಾರಖಾನೆಯನ್ನೂ ಅನಂತರ ದ್ರಾಕ್ಷಾರಸದ ವ್ಯಾಪಾರವನ್ನೂ ನಡೆಯಿಸಬೇಕಾಯಿತು. ಸಾವಿರಾರು ಜನರ ಋಣವನ್ನು ಹರಿಯಿಸಿದವನು ತನ್ನ ಸಂಘಗಳ ಹಣದಿಂದ ಶ್ರೀಮಂತನಾಗಲಿಲ್ಲ.

ಆಗ ಆತನಿಗೆ ಕಣ್ಣಾದವಳು ಹಿರಿಯ ಮಗಳಾದ ಅಮಾಲಿ. ಬಂದ ಕಾಗದಗಳನ್ನು ಆಕೆಯು ಓದಿ ಹೇಳುವಳು. ತಂದೆಯು ಹೇಳಿದುದನ್ನು ಆಕೆಯೇ ಬರೆಯುವಳು. ಸಾಲನಿಧಿಯ ಸಂಘಗಳನ್ನು ಕುರಿತ ಆತನ ಪ್ರಸಿದ್ಧ ಗ್ರಂಥವು ಹೀಗೆ ತಂದೆಯ ನಾಲಿಗೆಯಿಂದಲೂ ಮಗಳ ಲೇಖನಿಯಿಂದಲೂ ರೂಪುಗೊಂಡು 1866ರಲ್ಲಿ ಪ್ರಕಟವಾಯಿತು. ಸಂಘವನ್ನು ಸ್ಥಾಪಿಸುವ ವಿಧಾನ, ಲೆಕ್ಕದ ಪುಸ್ತಕಗಳ ಮಾದರಿ, ನಿಯಮಾವಳಿ ಎಲ್ಲವೂ ಅದರಲ್ಲಿದ್ದುವು. ಆತನ ಜೀವಿತಕಾಲದಲ್ಲಿಯೇ, 1887ರಲ್ಲಿ, ಅದರ ಐದನೆಯ ಮುದ್ರಣವು ಹೊರಬಿದ್ದಿತು. ಅಮಾಲಿಯು ಅವಿವಾಹಿತಳಾಗಿಯೇ ಉಳಿದು, ತಂದೆಯ ಕಡೆಯ ದಿನದವರೆಗೂ ಈ ಸೇವೆಯನ್ನು ಮಾಡಿದಳು. ಆಕೆಯ ಹೆಸರು ಯಾವ ಸಂಘದ ಫಲಕದ ಮೇಲೆ ಇಲ್ಲದಿದ್ದರೂ ಆ ಕಾರ್ಯದಲ್ಲಿ ಆಕೆಯ ಪಾಲು ಸಣ್ಣದಲ್ಲ.

ಹಳ್ಳಿಯ ಸಂಘಗಳು ಬೆಳೆದಂತೆ ಒಂದರಲ್ಲಿ ಹಣವು ಮಿಕ್ಕುವುದು, ಇನ್ನೊಂದರಲ್ಲಿ ಸಾಲದಾಗುವುದು. ಮಿಕ್ಕುದನ್ನು ಕೊರತೆಯಾದಲ್ಲಿಗೆ ಸಾಗಿಸಲು 1872ರಲ್ಲಿ ನಾಯ್‌ವೀಡಿನಲ್ಲಿ ಒಂದು ಕೇಂದ್ರ ಬ್ಯಾಂಕನ್ನು ಸ್ಥಾಪಿಸಿದನು. ಆದರೆ ನಗರದ ಕಸುಬುದಾರರಿಗಾಗಿ ಇಂಥದೇ ಸಂಘಗಳನ್ನು ಕಟ್ಟಿದ್ದ ಶುಲ್ಟ್ಸೆ–ಡೇಲಿಟ್ಶ್ ಎಂಬ ಮತ್ತೊಬ್ಬ ಪ್ರಸಿದ್ಧ ಪುರುಷನು ಇದನ್ನು ಬಲವಾಗಿ ವಿರೋಧಿಸಿದನು. ಪಾಲು ಬಂಡವಾಳವಿಲ್ಲದೆಯೂ ಅಲ್ಪಕಾಲದ ಠೇವಣಿಯನ್ನು ನಂಬಿ ದೀರ್ಘಕಾಲದ ಸಾಲವನ್ನು ಕೊಡುವುದು ಅಪಾಯಕರವೆಂಬುದು ಅವನ ವಾದವು. ವಿವಾದವು ರಾಜಸಭೆಯವರೆಗೂ ಹೋಗಿ, ಕೇಂದ್ರ ಬ್ಯಾಂಕಿನ ರಚನೆಯು ಕಾನೂನಿಗೆ ಒಪ್ಪುವುದಿಲ್ಲವೆಂದಾಗಿ ಅದನ್ನು ಮುಚ್ಚಬೇಕಾಯಿತು. ರೈಫೈಸನ್ನನು ಎದೆಗುಂದದೆ, ಆಕ್ಷೇಪಣೆಯಲ್ಲಿದ್ದ ಸತ್ಯಾಂಶವನ್ನು ಒಪ್ಪಿ, 1876ರಲ್ಲಿ ಬೇರೆ ರೂಪದಲ್ಲಿ ಕೇಂದ್ರ ನಿಧಿಯನ್ನು ಸ್ಥಾಪಿಸಿದನು. ಮರುವರ್ಷ ಸಂಘಗಳ ಒಕ್ಕೂಟವೂ ಏರ್ಪಟ್ಟಿತು.

1888ನೆಯ ಇಸವಿ ಮಾರ್ಚ್ 11ರಂದು, ಎಪ್ಪತ್ತನೆಯ ಜನ್ಮದಿನಕ್ಕೆ ಕೆಲವೇ ದಿನಗಳು ಉಳಿದಿರಲು, ಈ ಮಹಾಶಯನು ದೇಹವನ್ನು ಬಿಟ್ಟನು. ಅಷ್ಟರಲ್ಲಿ ಆತನ ಒಕ್ಕೂಟದಲ್ಲಿ ನಾನೂರಕ್ಕೂ ಮೇಲ್ಪಟ್ಟು ಸಂಘಗಳು ಸೇರಿದ್ದುವು.

ಬೀಜದ ವಿಸ್ತಾರ

ಆತನ ದೇಹವು ಮಣ್ಣನ್ನು ಸೇರಿದ ಮೇಲೆ ಆತನ ಕಾರ್ಯವು ಸಮುದ್ರಗಳನ್ನು ದಾಟಿತು. ಮದ್ರಾಸ್ ಪ್ರಾಂತದ ಅಧಿಕಾರಿಯಾಗಿದ್ದ ಫ್ರೆಡರಿಕ್ ನಿಕೊಲ್ಸನ್ನನು ಯುರೋಪಿನ ಸಂಘಗಳನ್ನು ಪರಿಶೀಲಿಸಿ, 1895 ಮತ್ತು 1897ರಲ್ಲಿ ಒಪ್ಪಿಸಿದ ವರದಿಯಲ್ಲಿ ಭಾರತದ ರೈತನಿಗೆ ರೈಫೈಸನ್ನನ ದಾರಿಯೇ ದಾರಿಯೆಂದು ತೀರ್ಮಾನಿಸಿದನು. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯಿದೆಯು ಜಾರಿಗೆ ಬಂದಿತು. ಮರುವರ್ಷ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳ ಗ್ರಾಮದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಪತ್ತಿನ ಸಂಘವು ಸ್ಥಾಪಿತವಾಗಿ, ಕನ್ನಡ ನಾಡಿಗೆ ಈ ವಿಷಯದಲ್ಲಿ ಅಗ್ರಸ್ಥಾನವು ಲಭಿಸಿತು.

ಅತ್ತ ಉತ್ತರ ಅಮೆರಿಕೆಯ ಕೆನಡಾ ದೇಶದ ಲೆವಿ ಪಟ್ಟಣದಲ್ಲಿ ಆಲ್ಫೋನ್ಸ್ ದೇಜಾರ್ದಿನ್ ಎಂಬವನು ಯುರೋಪಿನ ಈ ಮಾದರಿಗಳನ್ನು ಅಭ್ಯಾಸಮಾಡಿ 1900ರಲ್ಲಿ ಜನರ ನಿಧಿಯೊಂದನ್ನು ಸ್ಥಾಪಿಸಿ, ತನ್ನ ಮನೆಯನ್ನೇ ಅದರ ಕಚೇರಿಯಾಗಿ ಮಾಡಿದನು. ಬಾಸ್ಟನ್ ನಗರದ ವರ್ತಕನಾದ ಎಡ್ವರ್ಡ್ ಫೈಲೀನನು 1907ರಲ್ಲಿ ನಮ್ಮ ದೇಶಕ್ಕೆ ಬಂದು ಹಳ್ಳಿಗಳ ಪತ್ತಿನ ಸಂಘಗಳನ್ನು ಕಣ್ಣಾರೆ ಕಂಡು, ತನ್ನ ನಾಡಿನಲ್ಲಿ ಅಂಥವನ್ನು ಬೆಳೆಯಿಸಲು ಶ್ರಮಿಸಿದನು. ಅಮೆರಿಕೆಯ ಪತ್ತಿನ ಸಂಘಗಳಿಗೆ 1909ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿಯೂ 1934ರಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆಯೂ ಕಾಯಿದೆಗಳಾದುವು. ಜರ್ಮನಿಯಿಂದ ಭಾರತಕ್ಕೆ ಬಂದ ದೀಪದಿಂದ ಅಮೆರಿಕೆಯ ಬತ್ತಿಯೂ ಬೆಳಗಿತೆಂಬುದು ಸಂತೋಷದ ಸಂಗತಿಯು.

ಆ ದೇಶದ ಪತ್ತಿನ ಸಂಘಗಳಲ್ಲಿ ಈಗ ಮನೆಯ ಮೇಲಿನ ಸಾಲವನ್ನು ಕೊಡಲೆಂದೇ ನಿಯಮಿತರಾದ ಅಧಿಕಾರಿಗಳಿರುವರು. ಮನೆಯ ಬೆಲೆಯಿಂದ ಹಳೆಯ ಸಾಲವನ್ನು ಕಳೆದು ಮಿಕ್ಕುದು ಮನೆಯವನ ಸ್ವಂತ ಪಾಲು; ಆ ಪಾಲನ್ನು ಆಧಾರವಾಗಿಟ್ಟು, ಮನೆಯ ದುರಸ್ತಿಗೋ ಮಕ್ಕಳ ವಿದ್ಯಾಭ್ಯಾಸಕ್ಕೋ ಹಣವನ್ನು ಕೊಡುವರು. ಒತ್ತೆಯಿಟ್ಟುದು ವಾಸದ ಮನೆಯಾದುದರಿಂದ, ಇಂಥ ಸಾಲಕ್ಕೆ ಸಹಿ ಹಾಕಿದವನು ಮೂರು ಕೆಲಸದ ದಿನಗಳೊಳಗಾಗಿ ಮನಸ್ಸನ್ನು ಬದಲಾಯಿಸಿದರೆ ಕರಾರನ್ನು ರದ್ದುಮಾಡಿಕೊಳ್ಳಬಹುದೆಂದು ಅಲ್ಲಿಯ ಕಾನೂನು ಸಾಮಾನ್ಯವಾಗಿ ಅವಕಾಶವಿತ್ತಿರುವುದು. ಮನೆಯನ್ನು ಪಣವಾಗಿಡುವ ಮುನ್ನ ಮನೆಯವರೊಡನೆ ಕುಳಿತು ಆಲೋಚಿಸಲಿ ಎಂಬುದೇ ಅದರ ಫಲವು. 2008ರ ಸುಮಾರಿಗೆ ಆ ದೇಶದಲ್ಲಿ ಲೇವಾದೇವಿಯ ಸಂಸ್ಥೆಗಳು ಮನುಷ್ಯನ ಶಕ್ತಿಯನ್ನು ನೋಡದೆ ಮನೆಯ ಬೆಲೆಯು ಏರುತ್ತಲೇ ಇರುವುದೆಂದು ನಂಬಿ ಸಾಲವನ್ನು ಸುರಿದುದರಿಂದ ಲಕ್ಷಾಂತರ ಸಂಸಾರಗಳು ಬೀದಿಗೆ ಬಿದ್ದುವು. ರೈಫೈಸನ್ನನು ಫ್ಲಾಮರ್ಸ್‌ಫೆಲ್ಡಿನಲ್ಲಿ ಕಂಡ ವ್ಯಾಧಿಯೇ ಅದು. ವೇಷ ಮಾತ್ರ ಬೇರೆ.

ಉಪಸಂಹಾರ

ಸಹಕಾರದ ಈ ತತ್ತ್ವವನ್ನು 2016ರಲ್ಲಿ ಯುನೆಸ್ಕೊ ಸಂಸ್ಥೆಯು ಜರ್ಮನಿಯ ಕೋರಿಕೆಯಂತೆ ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಆದರೆ ಆ ಮಹಾಶಯನಿಗೆ ಸಲ್ಲುವ ನಿಜವಾದ ಗೌರವವು ಪಟ್ಟಿಗಳಲ್ಲಿಲ್ಲ. ನಮ್ಮ ನಮ್ಮ ಊರಿನ ಸಂಘದ ಜಗಲಿಯ ಮೇಲಿರುವುದು. ಶ್ರೀಮಠದ ಭಕ್ತರಲ್ಲಿ ಅನೇಕರು ಪತ್ತಿನ ಸಂಘಗಳ ಸದಸ್ಯರೂ ಆಡಳಿತ ಮಂಡಲಿಯವರೂ ಆಗಿರುವರು. ನಮ್ಮವನೆಂದು ಅನರ್ಹನಿಗೆ ಕೊಡುವುದೂ, ಬಡವನೆಂದು ಅರ್ಹನನ್ನು ಹಿಂದಕ್ಕೆ ಕಳುಹಿಸುವುದೂ, ಪಡೆದ ಸಾಲವನ್ನು ಮನ್ನಾ ಆಗಲೆಂದು ಕಾದು ಕುಳಿತುಕೊಳ್ಳುವುದೂ ನೆರೆಯವನ ಬುತ್ತಿಗೆ ಕೈಯಿಕ್ಕಿದಂತೆಯೇ ಸರಿ. ಬಸವಣ್ಣನವರು ಭಂಡಾರಿಗಳಾಗಿ ಅನ್ಯರ ಹಣವನ್ನು ಮುಟ್ಟಿಯೂ ಮುಟ್ಟದಂತೆ ಇದ್ದವರು. ಅವರ ಹೆಸರನ್ನು ಹೇಳುವ ನಮಗೆ ಲೆಕ್ಕದ ಪುಸ್ತಕವೂ ಪೂಜೆಯ ಪರಿಕರವೇ ಆಗಬೇಕು.

ಸಾಲವನ್ನು ಕೊಡುವವನು ಎದುರಿಗೆ ಕುಳಿತವನ ಮನೆಯಲ್ಲಿ ಒತ್ತೆಯನ್ನು ಕಾಣದೆ ಒಲೆಯನ್ನು ಕಾಣಲಿ. ಪಡೆಯುವವನು ಸಂಘದ ಪೆಟ್ಟಿಗೆಯಲ್ಲಿ ಸರಕಾರದ ಹಣವನ್ನು ಕಾಣದೆ ನೆರೆಯವನ ಬೆವರನ್ನು ಕಾಣಲಿ. ಎರಡೂ ಕಡೆ ಈ ದೃಷ್ಟಿಯು ನೆಲೆಗೊಂಡರೆ ಕಣ್ಣಿಲ್ಲದೆಯೂ ದಾರಿಯನ್ನು ಕಂಡ ಆ ಪುಣ್ಯಪುರುಷನ ಶ್ರಮವು ನಮ್ಮ ನಾಡಿನಲ್ಲಿಯೂ ಸಾರ್ಥಕವಾಗುವುದು. ಸರ್ವರ ಮನೆಗಳೂ ಋಣಮುಕ್ತವಾಗಿ, ಸರ್ವರ ಮನಸ್ಸುಗಳೂ ಸತ್ಯಶುದ್ಧ ಕಾಯಕದಲ್ಲಿ ನಿಲ್ಲಲಿ ಎಂದು ಶ್ರೀಗುರುಚರಣಗಳಲ್ಲಿ ಪ್ರಾರ್ಥಿಸುವೆವು.

ಮಂಗಲಮಸ್ತು.